ತಟ್ಟೆಯಿಂದ ಹೊಲದ ಕಡೆಗೆ: ಊರಿನ ಆಹಾರ ವ್ಯವಸ್ಥೆಯನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಊರಿನ ಆಹಾರ ಭದ್ರತೆ ಹೇಗಿದೆ ಎಂದು ನೋಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು "ಇಲ್ಲಿ ಎಷ್ಟು ಬೆಳೆಯುತ್ತೆ?" ಅಂತ. ಇಳುವರಿ ಲೆಕ್ಕ ಹಾಕುತ್ತಾರೆ, ಜನಸಂಖ್ಯೆಯಿಂದ ಭಾಗಿಸುತ್ತಾರೆ, ತಲೆಗೆ ಇಷ್ಟು ಎಂದು ಬರೆದು ವರದಿ ಮುಗಿಸುತ್ತಾರೆ. ಆ ವರದಿಯಲ್ಲಿ ಯಾರೂ ಹಸಿದಿರುವುದಿಲ್ಲ. ಗೋದಾಮು ತುಂಬಿರುವ ಊರಲ್ಲೂ ಅರೆಹೊಟ್ಟೆಯಲ್ಲಿ ಮಲಗುವ ಮನೆಗಳು ಇರುತ್ತವೆ. ಆ ಮನೆಗಳು ಸರಾಸರಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ಈ ಮಾರ್ಗದರ್ಶಿ ತಿರುಗಾ ಮುರುಗಾ ನಡೆಯುತ್ತದೆ. ಮೊದಲು ತಟ್ಟೆ ನೋಡೋಣ. ಅಲ್ಲಿಂದ ಒಲೆ, ಅಂಗಡಿ, ಸಾಗಣೆ, ಕೊನೆಗೆ ಹೊಲ. ಎಲ್ಲಿ ಕೊಂಡಿ ಕಳಚಿದೆ ಎಂದು ಕಂಡುಹಿಡಿಯಲು ಈ ದಿಕ್ಕೇ ಸುಲಭ.

ಹೊರಡುವ ಮೊದಲು ಒಂದು ಅಳತೆಗೋಲು ಕೈಯಲ್ಲಿರಲಿ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆ ಎಂದರೇನು ಎಂದು ಹೇಳಿತು. ಎಲ್ಲ ಜನರಿಗೆ, ಎಲ್ಲ ಕಾಲದಲ್ಲೂ, ಸಾಕಷ್ಟು, ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆ ಸಿಗಬೇಕು, ಕೊಳ್ಳುವ ಶಕ್ತಿಯೂ ಇರಬೇಕು, ಆ ಆಹಾರ ಅವರಿಗೆ ಒಗ್ಗುವಂಥದ್ದಾಗಿರಬೇಕು. ಇದನ್ನು ನಾಲ್ಕು ಭಾಗ ಮಾಡಿ ನೋಡುವುದು ರೂಢಿ: ಆಹಾರ ಇದೆಯೇ, ಅದು ಮನೆಗೆ ತಲುಪುತ್ತದೆಯೇ, ತಿಂದದ್ದು ಮೈಗೆ ಹತ್ತುತ್ತದೆಯೇ, ಇದೆಲ್ಲ ವರ್ಷವಿಡೀ ಹಾಗೇ ಇರುತ್ತದೆಯೇ. 2020ರಲ್ಲಿ ವಿಶ್ವ ಆಹಾರ ಭದ್ರತಾ ಸಮಿತಿಯ ತಜ್ಞರ ಮಂಡಳಿ ಇನ್ನೆರಡನ್ನು ಸೇರಿಸಲು ಹೇಳಿತು. ತಮ್ಮ ಆಹಾರದ ಬಗ್ಗೆ ಜನರಿಗೆ ತೀರ್ಮಾನ ಮಾಡುವ ಅಧಿಕಾರ ಇದೆಯೇ, ಮುಂದಿನ ತಲೆಮಾರಿಗೂ ಇದು ಉಳಿಯುತ್ತದೆಯೇ ಎಂಬುದು ಆ ಎರಡು. ಮುಂದೆ ಕೇಳುವ ಪ್ರತಿ ಪ್ರಶ್ನೆಯೂ ಈ ಆರರಲ್ಲಿ ಒಂದಕ್ಕೆ ಸೇರಬೇಕು. ಸೇರದಿದ್ದರೆ ಬಿಟ್ಟುಬಿಡಿ.

1. ಯಾವ ತೀರ್ಮಾನಕ್ಕಾಗಿ ಅಳೆಯುತ್ತಿದ್ದೀರಿ?

"ನಮ್ಮೂರಿನ ಆಹಾರ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು" ಎಂಬುದು ಒಳ್ಳೆಯ ಆಸೆ, ಆದರೆ ಅದರಿಂದ ಅಧ್ಯಯನ ಶುರು ಮಾಡಲು ಆಗುವುದಿಲ್ಲ. ಉತ್ತರ ಬಂದ ಮೇಲೆ ಯಾರು, ಯಾವಾಗ, ಏನನ್ನು ಬದಲಿಸುತ್ತಾರೆ? ಶಾಲೆಯ ಊಟದ ಪಟ್ಟಿಯನ್ನೇ? ಸಂತೆಯ ಜಾಗವನ್ನೇ? ಸ್ಥಳೀಯ ಆಡಳಿತದ ಮುಂದಿನ ಬಜೆಟ್ಟನ್ನೇ? ಆ ತೀರ್ಮಾನ ತೆಗೆದುಕೊಳ್ಳುವವರನ್ನು ಈಗಲೇ ಭೇಟಿ ಮಾಡಿ, ಯಾವ ಮಾಹಿತಿ ಸಿಕ್ಕರೆ ನಿಮ್ಮ ಮನಸ್ಸು ಬದಲಾಗುತ್ತದೆ ಎಂದು ಕೇಳಿ. ವರದಿ ಬರೆದ ಮೇಲೆ ಕೇಳಿದರೆ ತಡವಾಯಿತು.

ಗಡಿಯನ್ನೂ ಈಗಲೇ ಗುರುತಿಸಿ. ಆಡಳಿತದ ಗಡಿ ಹಿಡಿದರೆ ಜನಸಂಖ್ಯೆಯ ಅಂಕಿ ಸುಲಭವಾಗಿ ಸಿಗುತ್ತದೆ. ಆದರೆ ಜನ ಪಕ್ಕದ ಊರಿನ ಸಂತೆಗೆ ಹೋಗಿ ದಿನಸಿ ತರುತ್ತಿದ್ದರೆ ಆ ಸಂತೆಯೂ ನಿಮ್ಮ ನಕ್ಷೆಯಲ್ಲಿ ಇರಬೇಕು. ಮನೆಗಳಿಗೆ ಒಂದು ಗಡಿ, ಆಹಾರ ಬರುವ ದಾರಿಗೆ ಇನ್ನೊಂದು ದೊಡ್ಡ ಗಡಿ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ.

2. ತಂಡ ಕಟ್ಟಿ

ರೈತರು, ಅಂಗಡಿಯವರು, ಆರೋಗ್ಯ ಕಾರ್ಯಕರ್ತೆ, ಶಿಕ್ಷಕರು ಇರಲಿ. ಆದರೆ ಮುಖ್ಯವಾಗಿ ಬೇಕಾದವರು ತಿಂಗಳ ಕೊನೆಯಲ್ಲಿ ಮನೆ ತೂಗಿಸುವುದು ಹೇಗೆಂದು ಗೊತ್ತಿರುವವರು, ಅಂದರೆ ಕೂಲಿ ಮಾಡುವವರು, ಒಬ್ಬರೇ ಸಂಸಾರ ನಡೆಸುವ ಹೆಂಗಸರು, ವಲಸೆ ಬಂದವರು, ಒಂಟಿಯಾಗಿರುವ ವೃದ್ಧರು. ಒಂದು ದಿನ ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಆ ದುಡ್ಡನ್ನು ಬಜೆಟ್ಟಿನಲ್ಲಿ ಮೊದಲೇ ಇಡಿ. ಇಲ್ಲದಿದ್ದರೆ ಪುರುಸೊತ್ತು ಇರುವವರು ಮಾತ್ರ ಬರುತ್ತಾರೆ, ಪ್ರಶ್ನೆಗಳೂ ಅವರ ಪ್ರಶ್ನೆಗಳೇ ಆಗುತ್ತವೆ.

3. ಈಗಾಗಲೇ ಇರುವ ಮಾಹಿತಿ ಕಲೆಹಾಕಿ

ಜನಗಣತಿ, ಬೆಳೆ ದಾಖಲೆ, ಮಕ್ಕಳ ತೂಕ-ಎತ್ತರದ ದಾಖಲೆ, ಮಾರುಕಟ್ಟೆ ದರ, ಸರ್ಕಾರದ ಆಹಾರ ನೆರವಿನ ಫಲಾನುಭವಿಗಳ ಸಂಖ್ಯೆ. ಇವು ಎಲ್ಲೋ ಒಂದು ಕಚೇರಿಯಲ್ಲಿ ಇದ್ದೇ ಇರುತ್ತವೆ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ವರ್ಷದ್ದು, ಎಷ್ಟು ದೊಡ್ಡ ಪ್ರದೇಶದ್ದು ಎಂದು ಬರೆಯಿರಿ. ಇಡೀ ಜಿಲ್ಲೆಯ ಸರಾಸರಿಯನ್ನು ತಂದು ನಿಮ್ಮ ಊರಿಗೆ ಅಂಟಿಸಬೇಡಿ. ಈ ಕೆಲಸಕ್ಕೆ ಎರಡು ವಾರ ಸಾಕು. ಇದರಲ್ಲೇ ಮುಳುಗಿಹೋದರೆ ಮನೆಗಳಿಗೆ ಹೋಗುವ ಹೊತ್ತಿಗೆ ಉತ್ಸಾಹವೂ ಖಾಲಿ, ದುಡ್ಡೂ ಖಾಲಿ.

4. ತಟ್ಟೆಯಲ್ಲಿ ಏನಿದೆ: ಮನೆಗಳ ಸಮೀಕ್ಷೆ

ಈ ಕೆಲಸದ ಜೀವ ಇರುವುದು ಇಲ್ಲಿ. ಹೊಸದಾಗಿ ಪ್ರಶ್ನೆ ಕಟ್ಟುವ ಅಗತ್ಯವಿಲ್ಲ. ಹಲವು ದೇಶಗಳಲ್ಲಿ ಬಳಸಿ ಪಳಗಿದ ಪ್ರಶ್ನಾವಳಿಗಳಿವೆ, ಸುಮ್ನೆ ಹೊಸತು ಮಾಡಿದರೆ ಹೋಲಿಕೆಗೂ ದಾರಿ ಉಳಿಯುವುದಿಲ್ಲ. ನಾಲ್ಕನ್ನು ಹೇಳುತ್ತೇನೆ. ನಾಲ್ಕನ್ನೂ ಬಳಸಬೇಕಿಲ್ಲ, ಎರಡು ಸಾಕು.

ಮೊದಲನೆಯದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಎಫ್‌ಐಇಎಸ್. ಅಂದರೆ ಜನ ಅನುಭವಿಸಿದ ಆಹಾರ ಅಭದ್ರತೆಯ ಅಳತೆ. ಎಂಟೇ ಪ್ರಶ್ನೆ. ಎಲ್ಲದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ. ಕಳೆದ 12 ತಿಂಗಳಲ್ಲಿ, ದುಡ್ಡು ಅಥವಾ ಬೇರೆ ಅನುಕೂಲ ಇಲ್ಲದ ಕಾರಣಕ್ಕೆ, ಊಟ ಸಾಲದೇ ಹೋದೀತು ಎಂಬ ಚಿಂತೆ ಕಾಡಿತೇ? ಆರೋಗ್ಯಕರ ಊಟ ಮಾಡಲು ಆಗಲಿಲ್ಲವೇ? ಒಂದೆರಡು ಬಗೆಯ ಆಹಾರದಲ್ಲೇ ದಿನ ದೂಡಬೇಕಾಯಿತೇ? ಒಂದು ಹೊತ್ತಿನ ಊಟ ಬಿಟ್ಟಿರಾ? ಬೇಕಾದ್ದಕ್ಕಿಂತ ಕಡಿಮೆ ಉಂಡಿರಾ? ಮನೆಯಲ್ಲಿ ಆಹಾರ ಖಾಲಿಯಾಯಿತೇ? ಹಸಿವಾದರೂ ಉಣ್ಣದೇ ಇದ್ದಿರಾ? ಇಡೀ ದಿನ ಏನೂ ತಿನ್ನದೇ ಕಳೆದಿರಾ? ಪ್ರಶ್ನೆಗಳು ಚಿಂತೆಯಿಂದ ಶುರುವಾಗಿ ಹಸಿವಿನಲ್ಲಿ ಮುಗಿಯುತ್ತವೆ, ಆದ್ದರಿಂದ ಕ್ರಮ ಬದಲಿಸಬೇಡಿ. 2014ರಿಂದ ಇದನ್ನು ಜಗತ್ತಿನಾದ್ಯಂತ ಕೇಳಲಾಗುತ್ತಿದೆ. ದೇಶ-ದೇಶಗಳ ನಡುವೆ ಹೋಲಿಸಲು ಸಂಖ್ಯಾಶಾಸ್ತ್ರದ ದೊಡ್ಡ ಲೆಕ್ಕ ಬೇಕು. ಊರೊಳಗಿನ ಗುಂಪುಗಳನ್ನು ನೋಡಲು ಎಷ್ಟು 'ಹೌದು' ಬಂದವು ಎಂಬ ಎಣಿಕೆಯೇ ಒಳ್ಳೆಯ ಸುಳಿವು ಕೊಡುತ್ತದೆ.

ಎರಡನೆಯದು ವಿಶ್ವ ಆಹಾರ ಕಾರ್ಯಕ್ರಮ ಬಳಸುವ ಆಹಾರ ಸೇವನೆಯ ಅಂಕ. ಕಳೆದ 7 ದಿನಗಳಲ್ಲಿ ಪ್ರತಿ ಬಗೆಯ ಆಹಾರವನ್ನು ಮನೆಯವರು ಎಷ್ಟು ದಿನ ತಿಂದರು ಎಂದು ಕೇಳಿ, ಆ ದಿನಗಳನ್ನು ಒಂದು ತೂಕದಿಂದ ಗುಣಿಸುತ್ತೀರಿ. ಧಾನ್ಯ-ಗೆಡ್ಡೆಗಳಿಗೆ 2, ಬೇಳೆಕಾಳಿಗೆ 3, ತರಕಾರಿಗೆ 1, ಹಣ್ಣಿಗೆ 1, ಮಾಂಸ-ಮೀನು-ಮೊಟ್ಟೆಗೆ 4, ಹಾಲಿಗೆ 4, ಸಕ್ಕರೆಗೆ ಅರ್ಧ, ಎಣ್ಣೆಗೆ ಅರ್ಧ. ಒಂದು ಮನೆ ತೆಗೆದುಕೊಳ್ಳಿ. ಧಾನ್ಯ 7 ದಿನ, ಬೇಳೆ 3, ತರಕಾರಿ 4, ಹಣ್ಣು 1, ಹಾಲು 1, ಸಕ್ಕರೆ 4, ಎಣ್ಣೆ 6 ದಿನ. ಮಾಂಸ, ಮೀನು, ಮೊಟ್ಟೆ ಇಲ್ಲ. ಲೆಕ್ಕ ಹೀಗೆ: 14 + 9 + 4 + 1 + 4 + 2 + 3 = 37.

ಇದು ಸಾಕೋ, ಸಾಲದೋ? ಸಾಮಾನ್ಯ ನಿಯಮದಲ್ಲಿ 21ರವರೆಗೆ ಕಳಪೆ, 35ರವರೆಗೆ ಅಂಚಿನಲ್ಲಿದೆ, ಅದಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ. ಹಾಗಾದರೆ ಈ ಮನೆ ಪಾಸು. ಆದರೆ ಬಡವರೂ ಎಣ್ಣೆ, ಸಕ್ಕರೆಯನ್ನು ದಿನಾ ಬಳಸುವ ಕಡೆಗಳಲ್ಲಿ ಗೆರೆಯನ್ನು 28 ಮತ್ತು 42ಕ್ಕೆ ಏರಿಸುತ್ತಾರೆ. ಅಲ್ಲಿ ಇದೇ ಮನೆ ಅಂಚಿಗೆ ಬಂತು. ಯಾವ ಗೆರೆ ಬಳಸುತ್ತೀರಿ ಎಂದು ಸಮೀಕ್ಷೆಗೆ ಮೊದಲೇ ತೀರ್ಮಾನಿಸಿ, ವರದಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯುವುದು ಮೋಸವೇ ಸರಿ.

ಮೂರನೆಯದು ಮನೆಯೊಳಗೆ ಇಣುಕುತ್ತದೆ. ಮೇಲಿನ ಅಂಕ ಇಡೀ ಮನೆಯದ್ದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ತಟ್ಟೆ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ 15ರಿಂದ 49 ವರ್ಷದ ಹೆಂಗಸರ ಆಹಾರ ವೈವಿಧ್ಯದ ಅಳತೆ ಇದೆ. ನಿನ್ನೆಯ ಹಗಲು-ರಾತ್ರಿಯಲ್ಲಿ ತಿಂದದ್ದನ್ನೆಲ್ಲ ನೆನಪಿಸಿಕೊಂಡು ಹೇಳಲು ಬಿಡಿ. ನಂತರ ಅದನ್ನು 10 ಗುಂಪುಗಳಿಗೆ ಹಂಚಿ: ಧಾನ್ಯ-ಗೆಡ್ಡೆ, ಬೇಳೆಕಾಳು, ಬೀಜಗಳು, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಗಾಢ ಹಸಿರು ಸೊಪ್ಪು, ವಿಟಮಿನ್ ಎ ಇರುವ ಬೇರೆ ಹಣ್ಣು-ತರಕಾರಿ, ಉಳಿದ ತರಕಾರಿ, ಉಳಿದ ಹಣ್ಣು. 15 ಗ್ರಾಂಗಿಂತ ಕಡಿಮೆ ತಿಂದದ್ದು ಲೆಕ್ಕಕ್ಕಿಲ್ಲ, ಅಂದರೆ ಒಗ್ಗರಣೆಗೆ ಹಾಕಿದ ನಾಲ್ಕು ಎಲೆ ಸೊಪ್ಪಾಗುವುದಿಲ್ಲ. ಕನಿಷ್ಠ 5 ಗುಂಪು ಮುಟ್ಟಿದವರು ಎಷ್ಟು ಶೇಕಡಾ ಎಂದು ನೋಡಿ. ಇದು ಗುಂಪಿನ ಅಳತೆ. ಒಬ್ಬಾಕೆಯನ್ನು ಹಿಡಿದು "ನಿಮ್ಮ ಆಹಾರ ಸರಿಯಿಲ್ಲ" ಎಂದು ಹೇಳಲು ಇದನ್ನು ಬಳಸಬಾರದು.

ನಾಲ್ಕನೆಯದು ಜನ ಕಷ್ಟವನ್ನು ಹೇಗೆ ನಿಭಾಯಿಸಿದರು ಎಂದು ಕೇಳುತ್ತದೆ. ಕಳೆದ 7 ದಿನಗಳಲ್ಲಿ ಎಷ್ಟು ದಿನ ಅಗ್ಗದ, ಇಷ್ಟವಿಲ್ಲದ ಆಹಾರ ತಿಂದಿರಿ (ತೂಕ 1), ಬೇರೆಯವರಿಂದ ಕೈಗಡ ತಂದಿರಿ (2), ಬಡಿಸುವ ಪ್ರಮಾಣ ಕಡಿಮೆ ಮಾಡಿದಿರಿ (1), ಮಕ್ಕಳಿಗಾಗಿ ದೊಡ್ಡವರು ಕಡಿಮೆ ಉಂಡಿರಿ (3), ಊಟದ ಹೊತ್ತು ಕಡಿಮೆ ಮಾಡಿದಿರಿ (1). ಗರಿಷ್ಠ ಅಂಕ 56. ಅಂಕ ಹೆಚ್ಚಾದಷ್ಟೂ ಕಷ್ಟ ಹೆಚ್ಚು. ಇದನ್ನು ಎರಡನೆಯದರ ಜೊತೆ ಇಟ್ಟು ನೋಡುವುದು ನನಗೆ ಬಹಳ ಇಷ್ಟ. ತಟ್ಟೆ ಚೆನ್ನಾಗಿದ್ದೂ ಇಲ್ಲಿ ಅಂಕ ಜಾಸ್ತಿ ಬಂದ ಮನೆ, ಹೇಗೋ ಸಾಲಸೋಲ ಮಾಡಿ ನಿಭಾಯಿಸುತ್ತಿದೆ ಎಂದು ಅರ್ಥ. ಇನ್ನೊಂದು ಪೆಟ್ಟು ಬಿದ್ದರೆ ಮೊದಲು ಕುಸಿಯುವುದು ಅಂಥ ಮನೆಗಳೇ.

*ಎಷ್ಟು ಮನೆ?* ಸರಿಯಾಗಿ ಚೀಟಿ ಎತ್ತಿ ಆರಿಸಿದರೆ ಸುಮಾರು 100 ಮನೆಗೆ ಉತ್ತರ ಹೆಚ್ಚುಕಡಿಮೆ 10 ಶೇಕಡಾ ಅಂಕ ಆಚೆ-ಈಚೆ ಆಗಬಹುದು. 400 ಮನೆಗೆ ಅದು 5ಕ್ಕೆ ಇಳಿಯುತ್ತದೆ. ಮೊದಲ ಸಲಕ್ಕೆ 100-150 ಸಾಕು. ಊರಲ್ಲಿ 1,200 ಮನೆ ಇದ್ದು 120 ಬೇಕಿದ್ದರೆ, ಪಟ್ಟಿಯಲ್ಲಿ 1ರಿಂದ 10ರೊಳಗೆ ಒಂದು ಸಂಖ್ಯೆ ಎತ್ತಿ, ಅಲ್ಲಿಂದ ಪ್ರತಿ ಹತ್ತನೇ ಮನೆಗೆ ಹೋಗಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ, ಸಂಜೆ ಮತ್ತೆ ಹೋಗಿ. ಹಗಲು ಬೀಗ ಹಾಕಿರುವ ಮನೆಗಳು ಹೆಚ್ಚಾಗಿ ದುಡಿಯಲು ಹೋದವರದ್ದು, ಅವರೇ ತಪ್ಪಿಹೋದರೆ ಸಮೀಕ್ಷೆ ಯಾಕೆ? ಪಟ್ಟಿಯಲ್ಲೇ ಇಲ್ಲದ ಗುಡಿಸಲು, ಬಾಡಿಗೆ ಕೋಣೆ, ಕೆಲಸದ ಜಾಗದ ಬಿಡಾರಗಳನ್ನು ಮೊದಲೇ ನಡೆದು ನೋಡಿ ಸೇರಿಸಿಕೊಳ್ಳಿ.

*ಯಾವಾಗ?* ಕೊಯ್ಲು ಆದ ಕೂಡಲೇ ಕೇಳಿದರೆ ಎಲ್ಲ ಸುಭಿಕ್ಷ. ಹಳೆಯ ದಾಸ್ತಾನು ಮುಗಿದು ಹೊಸ ಬೆಳೆ ಬರುವ ಮುಂಚಿನ ವಾರಗಳಲ್ಲಿ ಒಮ್ಮೆಯಾದರೂ ಕೇಳಬೇಕು. ಹಬ್ಬ, ಮದುವೆಗಳ ಮರುದಿನ ಬೇಡ.

*ಹೇಗೆ?* ಅಡುಗೆ ಮಾಡುವವರನ್ನು, ಸಾಧ್ಯವಾದರೆ ಒಬ್ಬರೇ ಇರುವಾಗ ಕೇಳಿ. ನೆರೆಯವರ ಮುಂದೆ ಯಾರೂ "ನಿನ್ನೆ ರಾತ್ರಿ ಒಲೆ ಹಚ್ಚಲಿಲ್ಲ" ಅನ್ನುವುದಿಲ್ಲ, ಅಲ್ವಾ? ಸಮೀಕ್ಷೆಯಿಂದ ನೇರವಾಗಿ ನೆರವು ಬರುವುದಿಲ್ಲ ಎಂದು ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿ. ಹೆಸರಿನ ಬದಲು ಸಂಖ್ಯೆ ಬರೆಯಿರಿ. ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಮಗು ಹಸಿದಿರುವುದು ಕಣ್ಣಿಗೇ ಬಿದ್ದರೆ ಆ ಮನೆಗೆ ಯಾರನ್ನು ಕಳಿಸಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದು ಪ್ರತಿ ಸಮೀಕ್ಷಕರಿಗೂ ಮೊದಲೇ ಗೊತ್ತಿರಬೇಕು.

5. ಒಲೆಯ ಹತ್ತಿರ

ಇಲ್ಲಿ ನಾಲ್ಕೈದು ಪ್ರಶ್ನೆ ಸಾಕು. ಕುಡಿಯುವ ನೀರು ಎಲ್ಲಿಂದ, ತರಲು ಎಷ್ಟು ಹೊತ್ತು? ಉರುವಲು ಯಾವುದು, ತಿಂಗಳ ಕೊನೆಯಲ್ಲಿ ಮುಗಿಯುತ್ತದೆಯೇ? ಆಹಾರ ಕೆಡದಂತೆ ಇಡಲು ಜಾಗ ಇದೆಯೇ? ಅಡುಗೆಗೆ ಸಮಯ ಸಿಗುತ್ತದೆಯೇ? ಕೊಳಕು ನೀರಿನಿಂದ ಪದೇ ಪದೇ ಭೇದಿಯಾಗುವ ಮಗುವಿಗೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಅಂಥ ಕಡೆ ಆಹಾರ ಯೋಜನೆಗಿಂತ ನೀರಿನ ಯೋಜನೆ ಮೊದಲು ಬೇಕಾಗಬಹುದು.

6. ಅಂಗಡಿ ಮತ್ತು ಕೈಯಲ್ಲಿರುವ ದುಡ್ಡು

ಒಂದು ದೊಡ್ಡ ನಕ್ಷೆ ಬಿಡಿಸಿ ಅಥವಾ ಮೊಬೈಲಿನ ನಕ್ಷೆ ಬಳಸಿ. ಆಹಾರ ಮಾರುವ ಪ್ರತಿ ಜಾಗವನ್ನೂ ಗುರುತಿಸಿ: ದಿನಸಿ ಅಂಗಡಿ, ತಳ್ಳುಗಾಡಿ, ಸಂತೆ, ಹೋಟೆಲು. ಪ್ರತಿಯೊಂದರ ಪಕ್ಕದಲ್ಲಿ ಯಾವ ಹೊತ್ತಿಗೆ ತೆರೆಯುತ್ತದೆ, ತಾಜಾ ಹಣ್ಣು-ತರಕಾರಿ ಸಿಗುತ್ತದೆಯೇ, ಉದ್ರಿ ಕೊಡುತ್ತಾರೆಯೇ ಎಂದು ಬರೆಯಿರಿ. ಉದ್ರಿಯ ಪ್ರಶ್ನೆ ಬಿಡಬೇಡಿ. ದಿನಗೂಲಿಯ ಮನೆಗಳು ಎಷ್ಟೋ ಸಲ ಹತ್ತಿರದ ಅಗ್ಗದ ಅಂಗಡಿ ಬಿಟ್ಟು ಉದ್ರಿ ಕೊಡುವ ದುಬಾರಿ ಅಂಗಡಿಗೆ ಹೋಗುತ್ತವೆ. ದೂರವನ್ನು ಕಿಲೋಮೀಟರಿಗಿಂತ ನಿಮಿಷಗಳಲ್ಲಿ ಅಳೆಯಿರಿ, ಅದೂ ಚೀಲ ಹೊತ್ತ ವಯಸ್ಸಾದವರ ನಡಿಗೆಯಲ್ಲಿ.

ನಂತರ ಆಹಾರ ಬುಟ್ಟಿಯ ಲೆಕ್ಕ. ಆರೋಗ್ಯಕರವೂ ಸ್ಥಳೀಯರಿಗೆ ಒಗ್ಗುವಂಥದ್ದೂ ಆದ 25-30 ಪದಾರ್ಥಗಳನ್ನು ತಂಡದ ಅಡುಗೆಯವರ ಜೊತೆ ಕೂತು ಆರಿಸಿ. ಒಂದು ಸಂಸಾರಕ್ಕೆ ತಿಂಗಳಿಗೆ ಪ್ರತಿಯೊಂದೂ ಎಷ್ಟು ಬೇಕು ಎಂದು ಬರೆಯಿರಿ. ಒಂದೇ ವಾರದಲ್ಲಿ, ಬೇರೆ ಬೇರೆ ಕೇರಿಗಳ ಅಂಗಡಿಗಳಲ್ಲಿ, ಒಂದೇ ಗುಣಮಟ್ಟದ್ದಕ್ಕೆ ಬೆಲೆ ಕೇಳಿ. ಕಟ್ಟು, ಪಾವು, ರಾಶಿ ಲೆಕ್ಕದಲ್ಲಿ ಮಾರುವುದನ್ನು ತಕ್ಕಡಿಗೆ ಹಾಕಿ ಗ್ರಾಂಗೆ ತನ್ನಿ. ಚಿಕ್ಕ ಪೊಟ್ಟಣದ ಬೆಲೆಯನ್ನೂ ದೊಡ್ಡ ಚೀಲದ ಬೆಲೆಯನ್ನೂ ಬೇರೆ ಬೇರೆ ಬರೆಯಿರಿ. ದಿನದ ದುಡ್ಡಿನಲ್ಲಿ ದಿನದ ಅಡುಗೆಗೆ ಕೊಳ್ಳುವವರು ಪೊಟ್ಟಣದ ಬೆಲೆ ತೆರುತ್ತಾರೆ, ಕಿಲೋ ಲೆಕ್ಕಕ್ಕೆ ತಂದರೆ ಅದು ಹೆಚ್ಚಾಗಿ ಜಾಸ್ತಿಯೇ ಇರುತ್ತದೆ. ಒಟ್ಟು ಮೊತ್ತವನ್ನು ಊರಿನ ಕಡಿಮೆ ಆದಾಯದ ಐದನೇ ಒಂದು ಭಾಗದ ಮನೆಗಳ ಗಳಿಕೆಯ ಪಕ್ಕದಲ್ಲಿಡಿ. ಬಾಡಿಗೆ, ಔಷಧಿ, ಸಾಲದ ಕಂತು ಕಳೆದ ಮೇಲೆ ಬುಟ್ಟಿ ತುಂಬುತ್ತದೆಯೇ? ಇದೊಂದು ಸಾಲು ಎಷ್ಟೋ ವರದಿಗಳಿಗಿಂತ ಹೆಚ್ಚು ಹೇಳುತ್ತದೆ.

ಸರ್ಕಾರದ ಅಥವಾ ಸಂಘಗಳ ನೆರವನ್ನೂ ಇಲ್ಲೇ ನೋಡಿ. ಎಷ್ಟು ಜನ ಅರ್ಹರು, ಎಷ್ಟು ಜನರ ಹೆಸರು ಪಟ್ಟಿಯಲ್ಲಿದೆ, ಕಳೆದ ತಿಂಗಳು ನಿಜವಾಗಿ ಎಷ್ಟು ಜನರ ಕೈಗೆ ಬಂತು? ಈ ಮೂರು ಸಂಖ್ಯೆಗಳ ನಡುವಿನ ಅಂತರದಲ್ಲೇ ಬೇಗ ಆಗಬಹುದಾದ ಕೆಲಸ ಅಡಗಿರುತ್ತದೆ.

7. ಆಹಾರ ಬರುವ ದಾರಿ

ಎಲ್ಲ ಪದಾರ್ಥಗಳ ಬೆನ್ನು ಹತ್ತಲು ಆಗುವುದಿಲ್ಲ. ಐದಾರನ್ನು ಆರಿಸಿ: ಒಂದು ಮುಖ್ಯ ಧಾನ್ಯ, ಒಂದು ಬೇಳೆ, ಒಂದು ಸೊಪ್ಪು, ಹಾಲು ಅಥವಾ ಮೊಟ್ಟೆ, ಎಣ್ಣೆ. ಅಂಗಡಿಯವರಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಲಾರಿಗೆ, ಗೋದಾಮಿಗೆ, ಹೊಲಕ್ಕೆ ಹಿಂದೆ ಹಿಂದೆ ಹೋಗಿ. ಪ್ರತಿ ಹಂತದಲ್ಲೂ ಇವನ್ನು ಕೇಳಿ: ಎಷ್ಟು ಮಂದಿಯಿಂದ ಕೊಳ್ಳುತ್ತೀರಿ? ಈಗ ಎಷ್ಟು ದಿನದ ದಾಸ್ತಾನಿದೆ? ರಸ್ತೆ ಮೂರು ದಿನ ಮುಚ್ಚಿದರೆ ಏನಾಗುತ್ತದೆ? ಕರೆಂಟು ಹೋದರೆ? ಎಲ್ಲರೂ ಒಬ್ಬನೇ ಸಗಟು ವ್ಯಾಪಾರಿಯ ಹೆಸರು ಹೇಳುತ್ತಿದ್ದರೆ, ಎಲ್ಲ ಲಾರಿಗಳೂ ಒಂದೇ ಸೇತುವೆ ದಾಟುತ್ತಿದ್ದರೆ, ಊರಿನ ದೌರ್ಬಲ್ಯ ಅಲ್ಲೇ ಇದೆ.

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಕೂಡ ಈ ದಾರಿಯಲ್ಲೇ. ಜಗತ್ತಿನಲ್ಲಿ ಕೊಯ್ಲಿನ ನಂತರ ಚಿಲ್ಲರೆ ಅಂಗಡಿ ತಲುಪುವ ಮೊದಲೇ ಸುಮಾರು 14% ಆಹಾರ ನಷ್ಟವಾಗುತ್ತದೆ ಎಂದು ಎಫ್‌ಎಒ 2019ರಲ್ಲಿ ಅಂದಾಜಿಸಿತು. 2022ರಲ್ಲಿ ಗ್ರಾಹಕರಿಗೆ ಲಭ್ಯವಿದ್ದ ಆಹಾರದಲ್ಲಿ 19% ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾಯಿತು ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ. ನಿಮ್ಮ ಊರಿನ ಅಂಕಿ ಇವೇ ಇರಬೇಕಿಲ್ಲ. ಸಂತೆ ಮುಗಿದ ಮೇಲೆ ಉಳಿದು ಕೊಳೆತದ್ದನ್ನು ಕೆಲವು ವಾರ ತೂಗಿ ನೋಡಿ. ಧಾನ್ಯ ಇಡುವ ಕಡೆ ತೇವಾಂಶ ಅಳೆಯಿರಿ. 14% ದಾಟಿದರೆ ಬೂಸ್ಟು ಹಿಡಿಯುವ ಭಯ ಇದ್ದೇ ಇದೆ.

8. ಕೊನೆಗೆ ಹೊಲ

ಈಗ ಬೆಳೆಯ ಲೆಕ್ಕ ಕೇಳಬಹುದು. ಒರಟು ಅಂದಾಜು ಸಾಕು. ತುರ್ತು ಆಹಾರ ನೆರವಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಎಂದು ಹಿಡಿಯುತ್ತಾರೆ. 5,000 ಜನಕ್ಕೆ ದಿನಕ್ಕೆ 1.05 ಕೋಟಿ ಆಯಿತು. ಅದರಲ್ಲಿ 60% ಧಾನ್ಯದಿಂದ ಬರುತ್ತದೆ, ಕಿಲೋ ಧಾನ್ಯಕ್ಕೆ 3,500 ಎಂದುಕೊಂಡರೆ ದಿನಕ್ಕೆ 1,800 ಕಿಲೋ, ವರ್ಷಕ್ಕೆ 657 ಟನ್. ಊರಿನ ಉತ್ಪನ್ನದಲ್ಲಿ ಬಿತ್ತನೆ ಬೀಜ, ಮೇವು, ನಷ್ಟ, ಹೊರಗೆ ಮಾರಿದ್ದು ಎಲ್ಲ ಕಳೆದು ಹೋಲಿಸಿ. ಕಡಿಮೆ ಬಂದರೆ ಗಾಬರಿ ಬೇಡ. ಹೊರಗಿನಿಂದ ಕೊಂಡು ಚೆನ್ನಾಗಿ ಉಣ್ಣುವ ಊರುಗಳು ಬೇಕಾದಷ್ಟಿವೆ. ಲೆಕ್ಕಕ್ಕಿಂತ ಮುಖ್ಯವಾದವು ಬೇರೆ: ಜಮೀನು ಯಾರದ್ದು, ನೀರು ಯಾರಿಗೆ, ಬೀಜ ಎಲ್ಲಿಂದ, ಮುಂದಿನ ಹತ್ತು ವರ್ಷ ಉಳುವವರು ಯಾರು, ಅಂತರ್ಜಲ ಇಳಿಯುತ್ತಿದೆಯೇ.

9. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ

ಗೋಡೆಯ ಮೇಲೆ ಹನ್ನೆರಡು ತಿಂಗಳ ಪಟ್ಟಿ ಬಿಡಿಸಿ. ಮಳೆ, ಕೊಯ್ಲು, ಕೂಲಿ ಸಿಗುವ ದಿನ, ಬೆಲೆ, ಸಾಲ, ಕಾಯಿಲೆ ಒಂದರ ಕೆಳಗೊಂದು ಬರಲಿ. ಕೂಲಿ ಇಲ್ಲದ ತಿಂಗಳು, ಬೆಲೆ ಏರುವ ತಿಂಗಳು, ಜ್ವರದ ತಿಂಗಳು ಒಂದರ ಮೇಲೊಂದು ಬಿದ್ದಿರುವುದು ಕಂಡರೆ ಯಾವಾಗ ಕೈಹಾಕಬೇಕು ಎಂದು ಗೊತ್ತಾಯಿತು.

ಸಮೀಕ್ಷೆಯ ಅಂಕಿಗಳನ್ನು ಕೇರಿವಾರು, ಆದಾಯವಾರು, ಜಮೀನು ಇರುವವರು-ಇಲ್ಲದವರು ಎಂದು ಬಿಡಿಸಿ. ಆದರೆ ಒಂದು ಗುಂಪಿನಿಂದ ಏಳೆಂಟೇ ಮನೆ ಬಂದಿದ್ದರೆ ಶೇಕಡಾವಾರು ಬರೆಯಬೇಡಿ. ಸಂಖ್ಯೆಯೂ ಗಟ್ಟಿಯಲ್ಲ, ಮನೆಯ ಗುರುತೂ ಸಿಕ್ಕಿಬಿಡುತ್ತದೆ.

ನಂತರ ಊರವರ ಮುಂದೆ ಇಡಿ, ವರದಿ ಅಚ್ಚಾಗುವ ಮೊದಲೇ. "ನಮಗೆ ಹೀಗೆ ಕಂಡಿದೆ, ಸರಿಯೇ?" ಎಂದು ಕೇಳಿ. ಅಂಕಿಗಳ ಹಿಂದಿನ ಕಾರಣ ಗೊತ್ತಿರುವವರು ಅಲ್ಲೇ ಕೂತಿರುತ್ತಾರೆ.

ಪರಿಹಾರ ಆರಿಸುವಾಗ ಒಂದು ಎಚ್ಚರ. ಇಂಥ ಸಭೆಗಳಲ್ಲಿ ಮೊದಲು ಏಳುವ ಸಲಹೆ ಸಮುದಾಯ ಕೈತೋಟ. ಫೋಟೋಗೂ ಚೆನ್ನಾಗಿರುತ್ತದೆ. ಸೊಪ್ಪು-ತರಕಾರಿ ಊರಿಗೇ ಬರುತ್ತಿಲ್ಲ ಎಂದಾದರೆ ಅದು ಒಳ್ಳೆಯ ಮದ್ದು. ಅಂಗಡಿ ತುಂಬ ತರಕಾರಿ ಇದ್ದು ಕೊಳ್ಳಲು ದುಡ್ಡಿಲ್ಲ ಎಂದಾದರೆ, ಬೆಳಗಿನಿಂದ ಸಂಜೆ ದುಡಿದು ಬಂದವರ ತಲೆಗೆ ಇನ್ನೊಂದು ಕೆಲಸ ಕಟ್ಟಿದಂತಾಗುತ್ತದೆ. ದುಡ್ಡಿನ ತೊಂದರೆಗೆ ಕೂಲಿ, ನೆರವು, ಸಾಲದ ಕಡೆ ನೋಡಬೇಕು. ದೂರದ ತೊಂದರೆಗೆ ಬಸ್ಸು ಅಥವಾ ವಾರಕ್ಕೆರಡು ಸಲ ಬರುವ ತಳ್ಳುಗಾಡಿ ಸಾಕಾಗಬಹುದು. ಕೆಡುವ ತೊಂದರೆಗೆ ಒಣಗಿಸುವ ಕಣ, ಗಾಳಿಯಾಡದ ಚೀಲ. ಪ್ರತಿ ಸಲಹೆಗೂ "ಇದು ಯಾವ ಕೊಂಡಿಯನ್ನು ಸರಿಮಾಡುತ್ತದೆ, ಯಾರ ತಟ್ಟೆಯಲ್ಲಿ ಕಾಣಿಸುತ್ತದೆ?" ಎಂದು ಕೇಳಿ, ಮೂರನ್ನು ಮಾತ್ರ ಉಳಿಸಿಕೊಳ್ಳಿ. ಒಂದೊಂದಕ್ಕೂ ಒಬ್ಬ ಹೊಣೆಗಾರ, ಒಂದು ದಿನಾಂಕ, ದುಡ್ಡಿನ ಮೂಲ ಬರೆಯಿರಿ.

10. ಮುಂದಿನ ಸಲಕ್ಕೆ ಕಟ್ಟಿಡಿ

ಒಂದು ವರ್ಷ ಬಿಟ್ಟು ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳಿಂದ, ಅದೇ ರೀತಿ ಮನೆ ಆರಿಸಿ ಮತ್ತೆ ಅಳೆಯಿರಿ. ತಿಂಗಳು ಬದಲಾದರೆ ನೀವು ಕಾಣುವುದು ಋತುವಿನ ಬದಲಾವಣೆ, ಯೋಜನೆಯ ಫಲ ಎಂದು ತಪ್ಪು ತಿಳಿಯುವಿರಿ. ಖಾಲಿ ಪ್ರಶ್ನಾವಳಿ, ಮನೆ ಆರಿಸಿದ ಕ್ರಮ, ಬುಟ್ಟಿಯ ಪಟ್ಟಿ, ಒಂದು ಕಟ್ಟು ಎಂದರೆ ಎಷ್ಟು ಗ್ರಾಂ ಎಂಬ ಕೋಷ್ಟಕ ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಇರಲಿ. ಬೆಲೆಯನ್ನು ಮಾತ್ರ ವರ್ಷ ಕಾಯದೆ ತಿಂಗಳಿಗೊಮ್ಮೆ ಬರೆಯುತ್ತಾ ಹೋಗಿ. ಹತ್ತು ಪದಾರ್ಥ, ಮೂರು ಅಂಗಡಿ ಸಾಕು. ಪ್ರೌಢಶಾಲೆಯ ಮಕ್ಕಳಿಗೆ ಒಮ್ಮೆ ಕಲಿಸಿಕೊಟ್ಟರೆ ಅವರೇ ಮಾಡುತ್ತಾರೆ.